ಸಾವಯವ ಗೆಣಸಿಗೆ ಕೋಳಿ ಗೊಬ್ಬರ ಹಾಕಿದರೆ ಗೆಡ್ಡೆಯ ಗುಣಮಟ್ಟ ಏನಾಗುತ್ತದೆ?

ಖಾನಾಪುರದ ಕಡೆ ಒಂದು ಎಕರೆ ಕೆಂಪು ಮಣ್ಣು, ಜೂನ್ ಕೊನೆಗೆ ಗೆಣಸಿನ ನಾಟಿ, ಮೊಟ್ಟೆ ಕೋಳಿ ಫಾರ್ಮಿನಿಂದ ಎರಡು ಟ್ರೇಲರ್ ಅಂದರೆ ಸುಮಾರು 4 ಟನ್ ಗೊಬ್ಬರ. ಎಲ್ಲಾ ಹಾಕಿದರೆ ಗೆಡ್ಡೆ ದಪ್ಪ, ಸಿಹಿ ಆಗುತ್ತಾ ಅಂತ ಕೇಳಿದ್ದೀರಿ. ಎಲ್ಲಾ ಹಾಕಬೇಡಿ. ಕಾಲು ಭಾಗ ಸಾಕು, ಅದೂ ಚೆನ್ನಾಗಿ ಕಳಿತ ಮೇಲೆ.

ಲೆಕ್ಕ ನೋಡಿ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 75:50:75 ಕಿಲೋ. ಎಕರೆಗೆ ಇಳಿಸಿದರೆ ಸಾರಜನಕ 30, ರಂಜಕ 20, ಪೊಟ್ಯಾಷ್ 30. ಕೋಳಿ ಗೊಬ್ಬರದಲ್ಲಿ ಸಾಮಾನ್ಯವಾಗಿ ಸಾರಜನಕ ಶೇ 3, ರಂಜಕ ಶೇ 2.6, ಪೊಟ್ಯಾಷ್ ಶೇ 1.4ರ ಆಸುಪಾಸು. 4 ಟನ್ ಸುರಿದರೆ 120 ಕಿಲೋ ಸಾರಜನಕ, 100ಕ್ಕೂ ಹೆಚ್ಚು ಕಿಲೋ ರಂಜಕ ಬಿತ್ತು. ಒಂದೇ ಟನ್ನಿನಲ್ಲಿ ರಂಜಕದ ಅಗತ್ಯ ಮುಗಿಯುತ್ತದೆ, ಪೊಟ್ಯಾಷ್ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಗೆಡ್ಡೆಗೆ ಪಿಷ್ಟ ತುಂಬಲು ಬೇಕಾಗಿರುವುದು ಪೊಟ್ಯಾಷೇ.

ಸಾರಜನಕ ಹೆಚ್ಚಾದರೆ ಏನಾಗುತ್ತದೆ? ನಾಟಿಯಾದ ಎರಡನೇ ವಾರದಿಂದ ಆರನೇ ವಾರದೊಳಗೆ ಯಾವ ಬೇರು ಊದಬೇಕು, ಯಾವುದು ಬರೀ ಬೇರಾಗಿ ಉಳಿಯಬೇಕು ಅನ್ನುವುದು ತೀರ್ಮಾನವಾಗುತ್ತದೆ. ಆಗ ಮಣ್ಣಲ್ಲಿ ನೀರೂ ಸಾರಜನಕವೂ ತುಂಬಿದ್ದರೆ ಬೇರು ನಾರಾಗಿ, ಪೆನ್ಸಿಲ್ ದಪ್ಪದಲ್ಲೇ ನಿಂತುಬಿಡುತ್ತದೆ. ಮೇಲೆ ಬಳ್ಳಿ ಮೊಣಕಾಲುದ್ದ ಹಬ್ಬಿ ನೋಡುವವರ ಕಣ್ಣು ಕುಕ್ಕುತ್ತದೆ, ಅಗೆದರೆ ಕೆಳಗೆ ಏನಿಲ್ಲ. ಊದಿದ ಗೆಡ್ಡೆಯಲ್ಲೂ ನೀರಿನಂಶ ಹೆಚ್ಚು, ಬೇಯಿಸಿದರೆ ಹಿಟ್ಟುಹಿಟ್ಟಾಗಿರುವುದಿಲ್ಲ, ಇಟ್ಟರೆ ಬೇಗ ಕೊಳೆಯುತ್ತದೆ. ಸಾರಜನಕ ತುಸು ಕಡಿಮೆಯಾದರೆ ಗೆಣಸು ಸಹಿಸಿಕೊಳ್ಳುತ್ತದೆ, ಜಾಸ್ತಿಯಾದರೆ ಇಲ್ಲ.

ಹಸಿ ಗೊಬ್ಬರದ ತೊಂದರೆ ಬೇರೆಯೇ. ಅಮೋನಿಯಾ ಮತ್ತು ಉಪ್ಪಿನಂಶಕ್ಕೆ ಹೊಸ ಬಳ್ಳಿತುಂಡಿನ ಬೇರು ಸುಡುತ್ತದೆ. ಕಳಿಯದ ಗೊಬ್ಬರ ಗೊಣ್ಣೆ ಹುಳುವಿಗೂ ಆಹ್ವಾನ. ಅದು ಗೆಡ್ಡೆಯ ಸಿಪ್ಪೆ ಕೆರೆದು ಅಗಲವಾದ ಗುಳಿ ಮಾಡುತ್ತದೆ, ಮಾರುಕಟ್ಟೆಯಲ್ಲಿ ಆ ಮಾಲು ಬದಿಗೆ ಸರಿಯುತ್ತದೆ.

ಹಾಗಾಗಿ ಏಪ್ರಿಲ್ ಮಧ್ಯದಲ್ಲೇ ರಾಶಿ ಹಾಕಿ. ಒಂದು ಬುಟ್ಟಿ ಗೊಬ್ಬರಕ್ಕೆ ಎರಡು ಬುಟ್ಟಿ ಒಣ ಹುಲ್ಲು, ತರಗು ಅಥವಾ ಕಬ್ಬಿನ ರವದಿ ಬೆರೆಸಿ, 4-5 ಅಡಿ ಎತ್ತರ ಒಟ್ಟಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟೇ ತೇವ ಇರಲಿ. ಒಳಗಿನ ಬಿಸಿ 55 ಡಿಗ್ರಿ ದಾಟಬೇಕು. 15 ದಿನ ಆ ಬಿಸಿ ಉಳಿಸಿಕೊಂಡು ಐದು ಸಲ ಮಗುಚಿ. ಆಮೇಲೆ ಒಂದೂವರೆ ತಿಂಗಳು ನೆರಳಲ್ಲಿ ಬಿಡಿ. ಕಳಿತಿದೆಯೇ ಅನ್ನುವುದಕ್ಕೆ ಒಂದು ಹಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಇಟ್ಟು ಮೂಸಿ. ಮೂಗಿಗೆ ಚುರ್ ಅಂದರೆ ಇನ್ನೂ ಆಗಿಲ್ಲ.

ಕಳಿತದ್ದು 1 ಟನ್, ಜತೆಗೆ ತಿಪ್ಪೆ ಗೊಬ್ಬರ 3 ಟನ್. ತಿಪ್ಪೆ ಗೊಬ್ಬರದ ಪೊಟ್ಯಾಷ್ ಸುಮಾರು 15 ಕಿಲೋ ಸೇರಿ ಕೊರತೆ ಹೆಚ್ಚುಕಡಿಮೆ ತುಂಬುತ್ತದೆ. ಕಟ್ಟಿಗೆ ಬೂದಿ ಇದ್ದರೆ 100 ಕಿಲೋ ಹಾಕಬಹುದು. ಆದರೆ ಮೊಟ್ಟೆ ಕೋಳಿ ಗೊಬ್ಬರದಲ್ಲೇ ಸುಣ್ಣದಂಶ ಇರುತ್ತದೆ, ಹೀಗಾಗಿ ಮಣ್ಣಿನ ರಸಸಾರ (pH) 6.5ಕ್ಕಿಂತ ಮೇಲಿದ್ದರೆ ಬೂದಿ ಬೇಡ. ಸಾಲಿನ ಅಂತರ 60 ಸೆಂ.ಮೀ. ಇದ್ದರೆ ಎಕರೆಗೆ ಸುಮಾರು 6,700 ಮೀಟರ್ ಬೋದು, ಅಂದರೆ ಏರಿಸಿದ ಮಣ್ಣಿನ ಸಾಲು, ಆಗುತ್ತದೆ. ಅಂದರೆ ಒಂದು ಮೀಟರಿಗೆ ಕೋಳಿ ಗೊಬ್ಬರ 150 ಗ್ರಾಂ, ಒಂದು ಬೊಗಸೆಗಿಂತ ಹೆಚ್ಚಿಲ್ಲ. ನಾಟಿಗೆ 15 ದಿನ ಮೊದಲೇ ಹರಡಿ, ಮಣ್ಣಲ್ಲಿ ಬೆರೆಸಿ, ಬೋದು ಏರಿಸಿ. ಗುಣಿಯಲ್ಲಿ ಗುಡ್ಡೆ ಹಾಕಬೇಡಿ. ಬಳ್ಳಿ ಹಬ್ಬಿದ ಮೇಲೆ ಒಂದೆರಡು ಸಲ ಎತ್ತಿ ತಿರುವಿ ಹಾಕಿ, ಇಲ್ಲದಿದ್ದರೆ ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಗೆಡ್ಡೆಯ ಪಾಲು ಕಸಿಯುತ್ತದೆ.

ಸಿಹಿಯ ವಿಷಯದಲ್ಲಿ ಗೊಬ್ಬರದಿಂದ ಹೆಚ್ಚು ನಿರೀಕ್ಷೆ ಬೇಡ. ಅದು ಬಹುಪಾಲು ತಳಿ, ಬಲಿತ ಹದ ಮತ್ತು ಕಿತ್ತ ಮೇಲಿನ ಆರೈಕೆಯ ಮೇಲಿದೆ. 110 ದಿನದ ಹೊತ್ತಿಗೆ ಒಂದು ಗೆಡ್ಡೆ ಕತ್ತರಿಸಿಡಿ. ಕತ್ತರಿಸಿದ ಮುಖ ಬಿಳಿಯಾಗಿಯೇ ಒಣಗಿದರೆ ಬಲಿತಿದೆ, ಕಪ್ಪು-ಹಸಿರಿಗೆ ತಿರುಗಿದರೆ ಇನ್ನೂ ಕಾಯಿರಿ. ಕಿತ್ತ ಮೇಲೆ ತೊಳೆಯದೆ, ನೆರಳಲ್ಲಿ ಹುಲ್ಲು ಹೊದಿಸಿ 5-7 ದಿನ ಬೆಚ್ಚಗೆ ಇಡಿ. ಗಾಯ ಮಾಯುತ್ತದೆ, ಪಿಷ್ಟ ಸಕ್ಕರೆಯಾಗತೊಡಗುತ್ತದೆ.

ಇನ್ನು ಸಾವಯವ ಪ್ರಮಾಣಪತ್ರ ಬೇಕಿದ್ದರೆ, ಪಂಜರದ ಕೋಳಿ ಫಾರ್ಮಿನ ಗೊಬ್ಬರಕ್ಕೆ ತಕರಾರು ಬರುವ ಸಾಧ್ಯತೆ ಇದೆ. ಗಾಡಿ ಹೊಲಕ್ಕೆ ಬರುವ ಮೊದಲೇ ಪ್ರಮಾಣೀಕರಣ ಸಂಸ್ಥೆಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.