ಸೋಲಿಗರನ್ನು ಹೊರಗಿಟ್ಟರೆ ಬೆಟ್ಟದ ಕಾಡು ಚೆನ್ನಾಗಿರುತ್ತದೆಯೇ?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಕಾಡಿಗೆ ಬೆಂಕಿ ಹಾಕುತ್ತಿದ್ದರಂತೆ, ಅಂಥವರ ಕೈಗೆ ಕಾಡು ಕೊಡಿ ಅನ್ನುವುದು ಹೇಗೆ ಸರಿ, ಅದರ ಪಾಡಿಗೆ ಬಿಟ್ಟರೆ ಸಾಕಲ್ವಾ ಅಂತ ಕೇಳಿದ್ದೀರಿ. ಬೆಂಕಿಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇಡೀ ತಕರಾರು ಇರುವುದೇ ಅಲ್ಲಿ.

ಟಿವಿಯಲ್ಲಿ ನೋಡುವ ಕಾಡ್ಗಿಚ್ಚು ಬೇರೆ, ಸೋಲಿಗರ ತರಗು ಬೆಂಕಿ ಬೇರೆ. ಎಲೆ ಉದುರಿ ನೆಲದಲ್ಲಿ ಇನ್ನೂ ಸ್ವಲ್ಪ ತಂಪು ಇರುವಾಗ, ಜನವರಿ ಆಸುಪಾಸಿನಲ್ಲಿ, ಕೆಳಗೆ ಬಿದ್ದ ತರಗಿಗೆ ಹಚ್ಚುವ ಸಣ್ಣ ಬೆಂಕಿ ಅದು. ತರಗು, ಒಣಹುಲ್ಲು ಸುಟ್ಟು ಆರಿ ಹೋಗುತ್ತದೆ. ದೊಡ್ಡ ಮರದ ಬುಡ ಕಪ್ಪಾಗುತ್ತದೆ, ಅಷ್ಟೇ. ಮಾರ್ಚ್ ಬಿಸಿಲಿನ ಹೊತ್ತಿಗೆ ಸುಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ, ಹಾಗಾಗಿ ದೊಡ್ಡ ಕಿಚ್ಚು ಏಳುವುದೂ ಕಮ್ಮಿ. ಮಳೆ ಬಿದ್ದರೆ ಹೊಸ ಹುಲ್ಲು, ಅದಕ್ಕೆ ಜಿಂಕೆ, ಕಡವೆ, ಕಾಟಿ.

1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಬೇಟೆ ನಿಂತಿತು, ಜಾಗ ಬದಲಿಸಿ ಮಾಡುವ ಬೇಸಾಯ ನಿಂತಿತು, ಜೊತೆಗೆ ತರಗು ಬೆಂಕಿಯೂ ನಿಂತಿತು. ಬೇಟೆ ನಿಂತಿದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಕಿ ನಿಂತ ಮೇಲೆ ಏನಾಯಿತು ಅಂತ ನೋಡಿ. ಸಂಶೋಧಕರು ಬೆಟ್ಟದ ಉದ್ದಗಲಕ್ಕೂ ಜಾಗ ಗುರುತು ಮಾಡಿಕೊಂಡು, ಹೊರದೇಶದಿಂದ ಬಂದ ಕಳೆಗಿಡ ಲಂಟಾನ ಎಲ್ಲೆಲ್ಲಿದೆ ಅಂತ ಲೆಕ್ಕ ಹಾಕಿದ್ದಾರೆ. 1997ರಲ್ಲಿ ಸುಮಾರು ಶೇ 40ರಷ್ಟು ಕಡೆ ಇತ್ತು. 2008ಕ್ಕೆ ಅದು ಶೇ 80ರ ಹತ್ತಿರ ಬಂತು. ಲಂಟಾನದ ಪೊದೆಯೊಳಗೆ ನೀವು ನುಗ್ಗೋಕಾಗಲ್ಲ, ಅದರ ಕೆಳಗೆ ಹುಲ್ಲು ಬರಲ್ಲ, ಮರದ ಸಸಿಯೂ ಮೇಲೇಳುವುದು ಕಷ್ಟ. ಬೆಂಕಿ ಇದ್ದಾಗ ಲಂಟಾನದ ಮರಿಗಿಡಗಳು ಸಣ್ಣದಿರುವಾಗಲೇ ಸುಟ್ಟು ಹೋಗುತ್ತಿದ್ದವು ಅಂತ ಸೋಲಿಗರು ಹೇಳುತ್ತಾರೆ. ಲಂಟಾನ ಹೆಚ್ಚಲು ಬೆಂಕಿ ನಿಂತಿದ್ದೊಂದೇ ಕಾರಣ ಅಂತ ನಾನು ಹೇಳಲ್ಲ, ಆದರೆ ಅವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ.

ನನ್ನ ಅಭಿಪ್ರಾಯ ಗಟ್ಟಿಯಾಗಿದ್ದು ನೆಲ್ಲಿ ಮರದಿಂದ. ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರೊಬ್ಬರು ಒಂದು ನೆಲ್ಲಿ ಮರದ ಕೆಳಗೆ ನಿಲ್ಲಿಸಿ, "ನೋಡಪ್ಪ, ಮೇಲೆ ಕಾಣ್ತಿದೆಯಲ್ಲ, ಅದು ನೆಲ್ಲಿ ಎಲೆ ಅಲ್ಲ" ಅಂದರು. ನಿಜ. ನೆಲ್ಲಿ ಎಲೆ ಸಣ್ಣದು, ಸಾಲಾಗಿ ಜೋಡಿಸಿದ ಹಾಗಿರುತ್ತದೆ. ಮೇಲಿನ ಕೊಂಬೆಯಲ್ಲಿ ಅಗಲವಾದ ದಪ್ಪ ಎಲೆಗಳ ಒಂದು ಗೊಂಚಲು ಕೂತಿತ್ತು. ಅದಕ್ಕೆ ಅವರು ಉಪ್ಪಿಲು ಅನ್ನುತ್ತಾರೆ. ಅದರ ಬೀಜಕ್ಕೆ ಅಂಟು. ಹಣ್ಣು ತಿಂದ ಹಕ್ಕಿ ಬೀಜವನ್ನು ಕೊಂಬೆಗೆ ಅಂಟಿಸಿ ಹೋಗುತ್ತದೆ, ಅದು ಅಲ್ಲೇ ಮೊಳೆತು, ಕೊಂಬೆಯೊಳಗೆ ಬೇರು ಇಳಿಸಿ ಮರದ ನೀರು ಹೀರುತ್ತದೆ. ಕೊಂಬೆ ಹಾಗೇ ಒಣಗುತ್ತಾ ಬರುತ್ತದೆ.

ಬೆಟ್ಟದಲ್ಲಿ ನೆಲ್ಲಿ ಕಡಿಮೆಯಾಗುತ್ತಿದೆ ಅಂದಾಗ ಹೊರಗಿನವರ ಮೊದಲ ಗುಮಾನಿ ಸೋಲಿಗರ ಮೇಲೇ: ಕಾಯಿ ಜಾಸ್ತಿ ಕೀಳುತ್ತಾರೆ, ಅದಕ್ಕೇ ಹೀಗಾಗಿದೆ ಅಂತ. ಅವರು ಮಾತ್ರ ಉಪ್ಪಿಲಿನ ಕಡೆ ಕೈ ತೋರಿಸಿದರು. ಬೆಂಕಿಯ ಬಿಸಿ, ಹೊಗೆಗೆ ಉಪ್ಪಿಲು ಹತೋಟಿಯಲ್ಲಿರುತ್ತಿತ್ತು, ಕಾಯಿ ಕೀಳಲು ಮರ ಹತ್ತಿದಾಗ ನಾವೇ ಅದನ್ನು ಕಡಿದು ಹಾಕುತ್ತಿದ್ದೆವು ಅಂದರು. ಪರೀಕ್ಷೆ ಮಾಡಲು ಹೋದ ಸಂಶೋಧಕರಿಗೂ ಉಪ್ಪಿಲು ಹತ್ತಿದ ಮರಗಳು ಕಾಯಿ ಕಡಿಮೆ ಬಿಡುವುದು, ಹೆಚ್ಚು ಸಾಯುವುದು ಕಂಡಿತು. ಇಷ್ಟರಲ್ಲಿ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದು, ವನ್ಯಧಾಮದಿಂದ ಕಾಡು ಉತ್ಪನ್ನ ತಂದು ಮಾರುವುದಕ್ಕೆ ಅಡ್ಡಿಯಾಯಿತು. ಮಾರುವ ಹಾಗಿಲ್ಲ ಅಂದಮೇಲೆ ಮರ ಹತ್ತುವವರು ಯಾರು? ಉಪ್ಪಿಲು ಕಡಿಯುವವರು ಯಾರು?

ಅದಕ್ಕೇ ಸಾಂಪ್ರದಾಯಿಕ ಜ್ಞಾನವನ್ನು ಪುಸ್ತಕದಲ್ಲಿ ಬರೆದಿಟ್ಟರೆ ಉಳಿಯಿತು ಅನ್ನುವ ಮಾತಿಗೆ ನಾನು ಒಪ್ಪಲ್ಲ. ಕಾಯಿ ಕೀಳಲು, ಜೇನಿಗೆ, ಗೆಡ್ಡೆಗೆ ಅಂತ ವರ್ಷವಿಡೀ ಕಾಡಿನಲ್ಲಿ ಓಡಾಡುವುದರಿಂದಲೇ ಯಾವ ಮರಕ್ಕೆ ಏನಾಗಿದೆ ಅಂತ ಅವರ ಕಣ್ಣಿಗೆ ಬೀಳುವುದು. ಓಡಾಟ ನಿಲ್ಲಿಸಿಬಿಟ್ಟು ಜ್ಞಾನ ಮಾತ್ರ ಕೊಡಿ ಅಂದರೆ ಎಲ್ಲಿಂದ ಬರಬೇಕು? ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡ ಈ ಬಗ್ಗೆ ವರ್ಷಗಳಿಂದ ಬರೆಯುತ್ತಿದ್ದಾರೆ, ಹುಡುಕಿ ಓದಿ.

ಆ ತಿದ್ದುಪಡಿಯ ನಂತರ ಬಂದ ಕಾನೂನು ಅವರ ಪರ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಾಡಿನ ಉತ್ಪನ್ನದ ಮೇಲೆ ಹಕ್ಕಿದೆ, ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕೂ ಇದೆ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ದೊಡ್ಡ ಗೆಲುವು ಅದು. ಆದರೂ ಬೆಂಕಿ ಅಂದರೆ ಇವತ್ತಿಗೂ ಅಪರಾಧವೇ.

ಇದು ಹಳೇ ಕಾಲದ ಹುಚ್ಚು ಅಂತ ಅನಿಸಿದರೆ ಆಸ್ಟ್ರೇಲಿಯಾದ ಉತ್ತರಕ್ಕೆ, ಆರ್ನ್‌ಹೆಮ್ ಲ್ಯಾಂಡ್ ಕಡೆ ನೋಡಿ. ಅಲ್ಲಿನ ಮೂಲನಿವಾಸಿಗಳು ಬೇಸಿಗೆ ಬಲಿಯುವ ಮೊದಲೇ ಸಣ್ಣ ಬೆಂಕಿ ಹಾಕಿ ಆಮೇಲಿನ ದೊಡ್ಡ ಕಿಚ್ಚು ತಡೆಯುತ್ತಾರೆ. 2006ರಲ್ಲಿ ಶುರುವಾದ ಯೋಜನೆಯಲ್ಲಿ, ಭೂಮಿ ಬಿಸಿ ಮಾಡುವ ಅನಿಲಗಳು ಕಡಿಮೆಯಾದ ಲೆಕ್ಕಕ್ಕೆ ಅವರಿಗೆ ದುಡ್ಡೂ ಬರುತ್ತದೆ. ಅಲ್ಲಿ ಸಂಬಳ ಕೊಟ್ಟು ಮಾಡಿಸುವ ಕೆಲಸಕ್ಕೆ ಇಲ್ಲಿ ಕೇಸು.

ಹಾಗಂತ ನಾಳೆಯೇ ಬೆಂಕಿಪೊಟ್ಟಣ ಕೊಟ್ಟುಬಿಡಿ ಅಂತ ಅಲ್ಲ. ಈಗ ಲಂಟಾನ ಆಳೆತ್ತರ ಬೆಳೆದು ಮರಗಳಿಗೆ ಹಬ್ಬಿದೆ, ಅದಕ್ಕೆ ಬೆಂಕಿ ತಗುಲಿದರೆ ಉರಿ ನೇರ ಕೊಂಬೆಗೆ ಏರುತ್ತದೆ. ಇದನ್ನು ಸೋಲಿಗರೇ ಹೇಳುತ್ತಾರೆ. ಮೊದಲು ಸ್ವಲ್ಪ ಸ್ವಲ್ಪ ಜಾಗದಲ್ಲಿ ಲಂಟಾನ ಬುಡಸಮೇತ ಕೀಳಬೇಕು, ಹುಲ್ಲು ಬರಲು ಬಿಡಬೇಕು, ಆಮೇಲೆ ಜನವರಿಯ ಬೆಂಕಿ. ಯಾವ ಜಾಗ, ಯಾವ ವಾರ ಅನ್ನುವುದನ್ನು ಗ್ರಾಮಸಭೆ ತೀರ್ಮಾನಿಸಲಿ, ಇಲಾಖೆಯವರು ಜೊತೆಗೆ ನಿಲ್ಲಲಿ, ಕೂಲಿ ಸರ್ಕಾರ ಕೊಡಲಿ. ತರಗು ಬೆಂಕಿ ಹಾಕಿ ಗೊತ್ತಿರುವವರೆಲ್ಲ ಈಗ ಮುದುಕರು, ಅವರು ಇರುವಾಗಲೇ ಇದು ಶುರುವಾಗಬೇಕು.