ನಾರ್ವೆಯ ಚಳಿಗೆ ಹೀಟ್ ಪಂಪ್ ಇರುವ ಎಲೆಕ್ಟ್ರಿಕ್ ಕಾರೇ ಬೇಕೇ?

ಬೆಂಗಳೂರಿನಿಂದ ಓಸ್ಲೋಗೆ ಬರುತ್ತಿದ್ದೀರಿ, ಬಳಸಿದ ಎಲೆಕ್ಟ್ರಿಕ್ ಕಾರು ಕೊಳ್ಳಬೇಕು, ಹೀಟ್ ಪಂಪ್‌ಗಾಗಿ ಹೆಚ್ಚು ಹಣ ತೆರಬಹುದೇ ಎಂದು ಕೇಳಿದ್ದೀರಿ. ನನಗೆ ಇದು ಇಲ್ಲಿನ ಆರನೆಯ ಚಳಿಗಾಲ. ಮೊದಲ ಎರಡನ್ನು ಹೀಟ್ ಪಂಪ್ ಇಲ್ಲದ ಕಾರಿನಲ್ಲಿ ಕಳೆದೆ, ಆಮೇಲಿನವನ್ನು ಇರುವ ಕಾರಿನಲ್ಲಿ. ಬೆಲೆಯಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಕೊಳ್ಳಿ. ದೊಡ್ಡದಿದ್ದರೆ ಆ ಹಣವನ್ನು ದೊಡ್ಡ ಬ್ಯಾಟರಿಗೆ ಹಾಕಿ.

ಸಾಧಾರಣ ಹೀಟರ್ ನಾವು ಬಕೆಟ್ಟಿಗೆ ಇಳಿಬಿಡುವ ಕಾಯಿಲ್‌ನ ಜಾತಿಯದು: ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ, ಅಷ್ಟೇ. ಹೀಟ್ ಪಂಪ್ ಹೊರಗಿನ ಗಾಳಿಯಿಂದ ಶಾಖವನ್ನು ಹೊತ್ತು ತರುತ್ತದೆ. ಮೈನಸ್ 5ರ ಗಾಳಿಯಲ್ಲಿ ಎಲ್ಲಿಯ ಶಾಖ ಎನ್ನಬೇಡಿ. ಮನೆಯ ಫ್ರಿಜ್ ಮೈನಸ್ 18ರ ಫ್ರೀಜರಿನಿಂದ ಶಾಖ ಹೀರಿಯೇ ತನ್ನ ಬೆನ್ನು ಬಿಸಿ ಮಾಡಿಕೊಳ್ಳುತ್ತದೆ. ಶೂನ್ಯದ ಆಸುಪಾಸಿನಲ್ಲಿ ಒಂದು ಯೂನಿಟ್ಟಿಗೆ ಎರಡು, ಅನುಕೂಲವಾದರೆ ಮೂರು ಯೂನಿಟ್ ಶಾಖ ಸಿಗುತ್ತದೆ.

ಆದರೆ ಇದರಿಂದ ಉಳಿಯುವುದೆಷ್ಟು? ಒಳಗೆ ಒಮ್ಮೆ ಬೆಚ್ಚಗಾದ ಮೇಲೆ ಓಸ್ಲೋದ ಮಾಮೂಲಿ ಚಳಿಗೆ ಸುಮಾರು 2 ಕಿಲೋವ್ಯಾಟ್ ಶಾಖ ಸಾಕು ಎಂದುಕೊಳ್ಳಿ. ಹೀಟ್ ಪಂಪ್ ಅದನ್ನು 1 ಕಿಲೋವ್ಯಾಟ್‌ನಲ್ಲಿ ಮುಗಿಸಿದರೆ ಗಂಟೆಗೆ ಒಂದು ಯೂನಿಟ್ ಉಳಿಯಿತು. ಹೆದ್ದಾರಿಯಲ್ಲಿ ಅದು ಐದಾರು ಕಿಲೋಮೀಟರ್. ವೇಗವಾಗಿ ಓಡುವಾಗ ಗಾಳಿಯನ್ನು ಸೀಳುವುದಕ್ಕೇ ಬ್ಯಾಟರಿ ಬರಿದಾಗುತ್ತದೆ. ಮೈನಸ್ 10ರ ಗಾಳಿ 20 ಡಿಗ್ರಿಯದಕ್ಕಿಂತ ಶೇಕಡಾ 11ರಷ್ಟು ಸಾಂದ್ರ ಬೇರೆ. ಹೀಟ್ ಪಂಪ್ ನಿಜವಾಗಿ ಕೈಹಿಡಿಯುವುದು ಗಂಟೆಗಟ್ಟಲೆ ತೆವಳುವ ಟ್ರಾಫಿಕ್ಕಿನಲ್ಲಿ. ಅಲ್ಲಿ ಚಕ್ರ ತಿರುಗಿಸಲು ಬೇಕಾದುದೇ ಕಡಿಮೆ, ಹೀಟರಿನ ಪಾಲೇ ದೊಡ್ಡದು.

ಮಗುವನ್ನು ನಾಲ್ಕು ಕಿಲೋಮೀಟರ್ ಆಚೆಯ ಶಿಶುವಿಹಾರಕ್ಕೆ ಬಿಡುವಂಥ ಓಡಾಟದಲ್ಲಿ ಇದರ ಲಾಭ ಅಷ್ಟಕ್ಕಷ್ಟೇ. ಮಂಜುಗಟ್ಟಿದ ಕಾರನ್ನು ಬೆಚ್ಚಗೆ ಮಾಡಲು ಮೊದಲ ಕೆಲವು ನಿಮಿಷ ಐದಾರು ಕಿಲೋವ್ಯಾಟ್ ಬೇಕು, ಹೀಟ್ ಪಂಪ್‌ಗೆ ಆಗ ಕಾಯಿಲ್ ಕೂಡ ಕೈಜೋಡಿಸುತ್ತದೆ, ಬೆಚ್ಚಗಾಗುವ ಹೊತ್ತಿಗೆ ನೀವು ಇಳಿದಿರುತ್ತೀರಿ.

ಕಡುಚಳಿಯಲ್ಲಿ ಇನ್ನೊಂದು ತೊಡಕಿದೆ. ಹೀಟ್ ಪಂಪ್‌ನೊಳಗೆ ಸುತ್ತುತ್ತಾ ಶಾಖ ಹೊರುವ ಅನಿಲಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರ್134ಎಯ ಕುದಿಬಿಂದು ಸುಮಾರು ಮೈನಸ್ 26. ಹೊರಗಿನ ಚಳಿ ಅದರ ಹತ್ತಿರ ಹೋದಂತೆ ಅದು ಶಾಖ ಹೀರುವ ಶಕ್ತಿ ಕಳೆದುಕೊಳ್ಳುತ್ತದೆ. ಫೋಕ್ಸ್‌ವ್ಯಾಗನ್ ತನ್ನ ಐಡಿ ಸರಣಿಯ ಹೀಟ್ ಪಂಪ್‌ನಲ್ಲಿ ಇಂಗಾಲದ ಡೈಆಕ್ಸೈಡನ್ನೇ ತುಂಬಿದ್ದು ಇದಕ್ಕಾಗಿ. 1886ರಲ್ಲಿ ಮೈನಸ್ 51.4 ದಾಖಲಾದ, ದೇಶದ ಉತ್ತರ ತುದಿಯ ಕಾರಾಶೋಕ್ ಕಡೆ ಹೋಗುವವರು ಕಾಯಿಲ್ಲನ್ನೇ ನಂಬಬೇಕು. ಪಶ್ಚಿಮ ಕರಾವಳಿಯ ಬರ್ಗೆನ್‌ನ ಒದ್ದೆ ಚಳಿ ಸೌಮ್ಯವೇನೋ ಹೌದು, ಆದರೆ ಅಲ್ಲಿ ಹೀಟ್ ಪಂಪ್‌ನ ಹೊರಗಿನ ಸುರುಳಿಗಳ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ತನ್ನ ಕೆಲಸ ನಿಲ್ಲಿಸಬೇಕಾಗುತ್ತದೆ.

ನನ್ನ ಕಣ್ಣು ತೆರೆಸಿದ್ದು ಹೀಟರಲ್ಲ, ಬ್ಯಾಟರಿ. ಮೊದಲ ಜನವರಿಯಲ್ಲಿ ಲಿಲ್ಲೆಹಾಮರ್‌ಗೆ ಹೊರಟೆವು, ಓಸ್ಲೋದಿಂದ ಸುಮಾರು 180 ಕಿಲೋಮೀಟರ್. ಚಳಿಗೆ ಬ್ಯಾಟರಿ ಬೇಗ ಬರಿದಾಗುತ್ತಾ ಬಂತು. ಹೀಟರ್ ಬಂದ್ ಮಾಡಿ, ಕೋಟು ಹಾಕಿಕೊಂಡು, ಹೆಂಡತಿಯ ಮೌನವನ್ನು ಸಹಿಸಿಕೊಂಡು ಚಾರ್ಜರ್ ಮುಟ್ಟಿದಾಗ ಉಳಿದದ್ದು ಶೇಕಡಾ 9. ಅಲ್ಲಿ ಇನ್ನೊಂದು ಪಾಠ ಕಾದಿತ್ತು: ತಣ್ಣಗಿನ ಲಿಥಿಯಂ ಬ್ಯಾಟರಿಗೆ ವೇಗವಾಗಿ ಚಾರ್ಜ್ ತುಂಬಿದರೆ ಒಳಗೆ ಲೋಹ ಪದರಗಟ್ಟಿ ಹಾನಿಯಾಗುತ್ತದೆ, ಹಾಗಾಗಿ ಕಾರು ತಾನೇ ವೇಗ ತಗ್ಗಿಸುತ್ತದೆ. ಮುಕ್ಕಾಲು ಗಂಟೆ ನಿಂತೆವು. ಈಗಿನ ಕಾರಿನಲ್ಲಿ ಚಾರ್ಜರಿನ ವಿಳಾಸವನ್ನು ನಕ್ಷೆಯಲ್ಲಿ ಕೊಟ್ಟರೆ ಬ್ಯಾಟರಿ ದಾರಿಯಲ್ಲೇ ಬೆಚ್ಚಗಾಗುತ್ತದೆ. ಹೀಟ್ ಪಂಪ್‌ಗಿಂತ ಮೊದಲು ಈ ಸೌಲಭ್ಯ ಇದೆಯೇ ನೋಡಿ. ಸೀಟು ಮತ್ತು ಸ್ಟಿಯರಿಂಗ್ ಬಿಸಿಯಾಗುವ ಏರ್ಪಾಡೂ ಇರಲಿ, ಅದು ತಿನ್ನುವ ವಿದ್ಯುತ್ ಅತ್ಯಲ್ಪ.

ಜಾಹೀರಾತನ್ನೇ ನಂಬಬೇಡಿ. ಟೆಸ್ಲಾ ಮಾಡೆಲ್ 3ಕ್ಕೆ ಹೀಟ್ ಪಂಪ್ ಬಂದದ್ದು 2021ರ ಆವೃತ್ತಿಯಿಂದ. ಕೆಲವು ಕಂಪನಿಗಳು ಇದನ್ನು ಹೆಚ್ಚುವರಿ ಹಣಕ್ಕೆ ಮಾರಿದ್ದರಿಂದ ಒಂದೇ ವರ್ಷದ ಒಂದೇ ಮಾಡೆಲ್‌ನ ಎರಡು ಕಾರುಗಳಲ್ಲಿ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಚಾಸಿಸ್ ಸಂಖ್ಯೆ ಕೊಟ್ಟು ವಿಚಾರಿಸಿ.

ಅಂದಹಾಗೆ, ನೀವು ಹಿಡಿಯುವ ಬಾಡಿಗೆ ಮನೆಯಲ್ಲಿ ಚಾರ್ಜರ್ ಇರುತ್ತದೆಯೇ? ಇದ್ದರೆ ಹೊರಡುವ ಮೊದಲು ಗೋಡೆಯ ವಿದ್ಯುತ್ತಿನಲ್ಲೇ ಕಾರನ್ನು ಬೆಚ್ಚಗೆ ಮಾಡಬಹುದು, ಆಗ ಹೀಟ್ ಪಂಪ್ ಇಲ್ಲದ ಕಾರೂ ನಡೆಯುತ್ತದೆ. ಬೀದಿಯಲ್ಲಿ ನಿಲ್ಲಿಸುವುದಾದರೆ ಬರೆಯಿರಿ, ಬೇರೆ ಸಲಹೆ ಕೊಡುತ್ತೇನೆ.