ಪ್ರೆಸ್ ಮೊದಲು, ಬೆಂಚ್ ಆಮೇಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಓವರ್‌ಹೆಡ್ ಪ್ರೆಸ್ (ನಿಂತು ಬಾರನ್ನು ಭುಜದಿಂದ ತಲೆಯ ಮೇಲಕ್ಕೆ ಒತ್ತುವುದು) ಬಗ್ಗೆ ಅವೇ ಪ್ರಶ್ನೆಗಳು ತಿರುತಿರುಗಿ ಬರುತ್ತಿವೆ. ಪ್ರೆಸ್ ಏರಬೇಕು ಎನ್ನುವವರೇ ಎಲ್ಲರೂ, ಬೆಂಚ್‌ನಲ್ಲಿ (ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ಒತ್ತುವುದು) ಒಂದು ಸೆಟ್ ಬಿಟ್ಟುಕೊಡಿ ಎಂದರೆ ಮಾತ್ರ ಯಾರೂ ತಯಾರಿಲ್ಲ. ಅದಕ್ಕೆ ಈ ಸಲ ಒಂದೇ ಪ್ರಶ್ನೆಗೆ ವಿವರವಾಗಿ ಬರೆಯುತ್ತೇನೆ. ರ‍್ಯಾಕ್‌ನಿಂದ ಬಾರ್ ತೆಗೆಯುವುದು, ವಾರ್ಮ್‌ಅಪ್ ಯಾಕೆ ಬೇಕು ಎಂಬುದೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ಪ್ರಶ್ನೆ: ಬೆಂಚ್ ಪ್ರೆಸ್‌ನಲ್ಲಿ 80 ಕೆ.ಜಿ.ಗೆ 5 ರೆಪ್ಸ್ (ಒಂದು ಸೆಟ್‌ನಲ್ಲಿ ಸತತ ಐದು ಸಲ) ಬರುತ್ತದೆ. ನಿಂತು ಮಾಡುವ ಪ್ರೆಸ್ ಮಾತ್ರ 40 ಕೆ.ಜಿ.ಗೆ 5 ರೆಪ್ಸ್‌ನಲ್ಲೇ ತಿಂಗಳುಗಟ್ಟಲೆ ನಿಂತಿದೆ. ವಾರಕ್ಕೊಮ್ಮೆ ಬೆಂಚ್, ಇನ್‌ಕ್ಲೈನ್, ಫ್ಲೈ (ಓರೆ ಬೆಂಚಿನ ಮೇಲೆ ಒತ್ತುವುದು, ತೋಳು ಅಗಲಿಸಿ ಕೂಡಿಸುವ ಎದೆಯ ವ್ಯಾಯಾಮ) ಎಲ್ಲ ಮುಗಿಸಿ ಕೊನೆಗೆ ಪ್ರೆಸ್ ಮಾಡುತ್ತೇನೆ. ಇನ್ನು ಪ್ರೆಸ್‌ಗೇ ಆದ್ಯತೆ ಕೊಡೋಣ ಅಂತಿದ್ದೇನೆ. ಬೆಂಚ್ ಬಿಟ್ಟುಬಿಡಲೇ?

ಬಿಡಬೇಡಿ, ಹಿಂದಕ್ಕೆ ಸರಿಸಿ. ಎರಡನ್ನೂ ಸಮನಾಗಿ ಅಭ್ಯಾಸ ಮಾಡುವವರಲ್ಲಿ ಪ್ರೆಸ್ ಸಾಮಾನ್ಯವಾಗಿ ಬೆಂಚ್‌ನ ಶೇ 60–65ರಷ್ಟಿರುತ್ತದೆ. ನಿಮ್ಮದು ಶೇ 50. ಇದು ಭುಜದ ದೌರ್ಬಲ್ಯವಲ್ಲ, ನೀವು ಹಾಕಿಕೊಂಡ ಕ್ರಮದ ಫಲ. ಬೆಂಚ್, ಇನ್‌ಕ್ಲೈನ್ ಎರಡೂ ಭುಜದ ಮುಂಭಾಗವನ್ನೂ ಟ್ರೈಸೆಪ್ಸನ್ನೂ ದಣಿಸುತ್ತವೆ. ದಣಿದ ಅದೇ ಸ್ನಾಯುಗಳಿಂದ, ವಾರಕ್ಕೆ ಒಂದೇ ಸಲ, ಕೊನೆಯ ಹದಿನೈದು ನಿಮಿಷದಲ್ಲಿ ಪ್ರೆಸ್ ಏರಲಿ ಎಂದರೆ ಏರುವುದಿಲ್ಲ. ಆದ್ಯತೆ ಎಂದರೆ ಮೈಯಲ್ಲಿ ಕಸುವಿರುವಾಗಲೇ ಪ್ರೆಸ್ ಮಾಡುವುದು, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಮಾಡುವುದು, ಅದಕ್ಕಾಗಿ ಬೇರೇನನ್ನೋ ಕಡಿಮೆ ಮಾಡುವುದು.

ಮೊದಲು ಫಾರ್ಮ್ ನೋಡೋಣ. ಕೈ ಹಿಡಿತ ಭುಜದ ಅಗಲಕ್ಕಿಂತ ಬೆರಳಷ್ಟು ಹೊರಗಿರಲಿ. ಮುಂದಿನಿಂದ ನೋಡಿದರೆ ಮುಂಗೈ ನೆಟ್ಟಗೆ ಕಾಣಬೇಕು, ಮೊಣಕೈ ಬಾರ್‌ಗಿಂತ ತುಸು ಮುಂದಿರಬೇಕು. ಬಾರ್ ಬೆರಳುಗಳ ಕಡೆ ಕೂರಬಾರದು, ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಮೂಳೆಯ ನೇರಕ್ಕೆ ಕೂರಬೇಕು. ಮಣಿಕಟ್ಟು ಹಿಂದಕ್ಕೆ ಮಡಿಚಿತೆಂದರೆ ಒತ್ತುವ ಬಲ ಅಲ್ಲೇ ಸೋರಿಹೋಗುತ್ತದೆ. ಮಂಡಿ ಬಿಗಿ, ಪೃಷ್ಠ ಬಿಗಿ, ಪಕ್ಕೆಲುಬು ಕೆಳಗೆ. ಹೊಟ್ಟೆ ತುಂಬ ಉಸಿರು ತೆಗೆದುಕೊಂಡು ಹಿಡಿದು, ಆಮೇಲೆ ಒತ್ತಿ.

ಹೆಚ್ಚಿನವರು ಕೆಡುವುದು ಬಾರ್ ಗದ್ದದ ಹತ್ತಿರ ಬಂದಾಗ. ಮುಖಕ್ಕೆ ತಗಲೀತು ಎಂದು ಬಾರನ್ನು ಮುಂದಕ್ಕೆ ದೂಡಿ ಸುತ್ತುಹಾಕಿ ಎತ್ತುತ್ತಾರೆ. ಬಾರ್ ಪಾದದ ನಡುಭಾಗದಿಂದ ಎರಡು ಮೂರು ಇಂಚು ಮುಂದೆ ಹೋದರೂ ಸಾಕು, ಅದೇ 40 ಕೆ.ಜಿ. ಭುಜಕ್ಕೆ ಬಹಳ ಹೆಚ್ಚಾಗಿ ತೂಗುತ್ತದೆ. ಹಣೆಯ ಎತ್ತರದಲ್ಲಿ ರೆಪ್ ನಿಂತುಹೋಗುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಸರಿಯಬೇಕಾದದ್ದು ತಲೆ, ಬಾರ್ ಅಲ್ಲ. ಗದ್ದ ಹಿಂದಕ್ಕೆಳೆದು ಮೂಗನ್ನು ಸವರುವಷ್ಟು ಹತ್ತಿರದಲ್ಲಿ ಬಾರನ್ನು ನೇರ ಮೇಲಕ್ಕೆ ಬಿಡಿ. ಹಣೆ ದಾಟಿದ ಕೂಡಲೇ ತಲೆಯನ್ನು ತೋಳುಗಳ ನಡುವೆ ತನ್ನಿ. ಕೊನೆಯಲ್ಲಿ ಮೊಣಕೈ ನೆಟ್ಟಗಾಗಿ, ಬಾರ್ ಭುಜದ ಮೇಲೆ, ಭುಜ ಪಾದದ ನಡುಭಾಗದ ಮೇಲೆ ಇರಬೇಕು. ಮೇಲೆ ತಲುಪಿದಾಗ ಭುಜವನ್ನು ಕಿವಿಯ ಕಡೆಗೆ ಎತ್ತಿ. ‘ಭುಜ ಕೆಳಗೇ ಒತ್ತಿಹಿಡಿ’ ಎಂಬ ಸಲಹೆ ಬೆಂಚ್‌ಗೆ ಸರಿ, ಇಲ್ಲಿ ತಪ್ಪು. ತೋಳು ಮೇಲೆ ಹೋದಂತೆ ಹೆಗಲ ಹಲಗೆಯೂ ಮೇಲ್ಮುಖವಾಗಿ ತಿರುಗಬೇಕು.

ಇನ್ನೊಂದು ತಪ್ಪು ಹಿಂದಕ್ಕೆ ಬಾಗುವುದು. ಬಾರ್‌ಗೆ ದಾರಿ ಬಿಡಲು ಸೊಂಟದ ಮೇಲಿನ ಭಾಗ ತುಸು ಸರಿದರೆ ತೊಂದರೆಯಿಲ್ಲ. ನಡು ಕಮಾನಾಗಿ ಎದೆ ಚಾವಣಿ ನೋಡುತ್ತಿದ್ದರೆ ನೀವು ನಿಂತುಕೊಂಡೇ ಇನ್‌ಕ್ಲೈನ್ ಬೆಂಚ್ ಮಾಡುತ್ತಿದ್ದೀರಿ, ಅದೂ ಬೆನ್ನಿಗೆ ಆಸರೆಯಿಲ್ಲದೆ. ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್‌ನಲ್ಲಿ 1972ರ ಮ್ಯೂನಿಕ್ ಕೂಟದವರೆಗೆ ಪ್ರೆಸ್ ಕೂಡ ಒಂದು ಲಿಫ್ಟ್ ಆಗಿತ್ತು. ಆಮೇಲೆ ಅದನ್ನು ಕೈಬಿಡಲು ಮುಖ್ಯ ಕಾರಣವೇ ಈ ಬಾಗುವಿಕೆ: ಎಷ್ಟರವರೆಗೆ ಸರಿ, ಎಲ್ಲಿಂದ ತಪ್ಪು ಎಂದು ತೀರ್ಪುಗಾರರಿಗೆ ಹೇಳಲಾಗುತ್ತಿರಲಿಲ್ಲ. ನಿಮ್ಮ ಸೆಟ್ಟನ್ನು ಪಕ್ಕದಿಂದ ವಿಡಿಯೊ ಮಾಡಿ ನೋಡಿ. ಸೊಂಟದ ಬೆಲ್ಟ್ ಇದಕ್ಕೆ ಪರಿಹಾರವಲ್ಲ.

ಈಗ ವಾರದ ಲೆಕ್ಕ. ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲ ದಿನ ಪ್ರೆಸ್ಸೇ ಮೊದಲು: ಖಾಲಿ ಬಾರ್‌ಗೆ 8, 28 ಕೆ.ಜಿ.ಗೆ 5, 32 ಕೆ.ಜಿ.ಗೆ 3 ರೆಪ್ಸ್ ಮಾಡಿ ಬಿಸಿಯಾಗಿ. ಆಮೇಲೆ 36 ಕೆ.ಜಿ.ಗೆ 5 ರೆಪ್ಸ್‌ನ 5 ಸೆಟ್, ನಡುವೆ ಮೂರು ನಿಮಿಷ ಪೂರ್ತಿ ವಿಶ್ರಾಂತಿ. ಎರಡನೇ ದಿನ ಬೆಂಚ್, 75 ಕೆ.ಜಿ.ಗೆ 5ರ 3 ಸೆಟ್. ಅದು ಮುಗಿದ ಮೇಲೆ ಹಗುರ ಪ್ರೆಸ್, 28 ಕೆ.ಜಿ.ಗೆ 6ರ 3 ಸೆಟ್, ಪ್ರತಿ ರೆಪ್‌ನಲ್ಲೂ ಬಾರನ್ನು ಭುಜದ ಮೇಲೆ ಇಳಿಸಿ ಒಂದು ಕ್ಷಣ ನಿಲ್ಲಿಸಿ. ಮೂರನೇ ದಿನ ಮತ್ತೆ ಪ್ರೆಸ್ ಮೊದಲು, 30–32 ಕೆ.ಜಿ.ಗೆ 8ರ 4 ಸೆಟ್. ಮೂರು ದಿನವೂ ರೋಯಿಂಗ್ ಅಥವಾ ಪುಲ್‌ಅಪ್ ಇರಲಿ. ವಾರದ ಒಟ್ಟು ಲೆಕ್ಕದಲ್ಲಿ ಎಳೆಯುವ ಸೆಟ್‌ಗಳು ಒತ್ತುವ ಸೆಟ್‌ಗಳಿಗಿಂತ ಕಡಿಮೆಯಾಗಬಾರದು. ಇನ್‌ಕ್ಲೈನ್, ಫ್ಲೈ, ಫ್ರಂಟ್ ರೇಸ್ (ತೂಕ ಹಿಡಿದು ತೋಳನ್ನು ಮುಂದಕ್ಕೆ ಎತ್ತುವುದು) ಮೂರನ್ನೂ ಸದ್ಯಕ್ಕೆ ತೆಗೆದುಹಾಕಿ. ‘ಒಂದೆರಡು ಸೆಟ್ ಅಲ್ವಾ’ ಎಂದು ಅವುಗಳನ್ನು ಮತ್ತೆ ಒಳಗೆ ಸೇರಿಸಿಕೊಂಡರೆ ಇಷ್ಟು ಬರೆದದ್ದೆಲ್ಲ ವ್ಯರ್ಥ.

ತೂಕ ಏರಿಸುವುದು ಮೊದಲ ದಿನದ ಪ್ರೆಸ್‌ನಲ್ಲಿ, ವಾರಕ್ಕೆ 1 ಕೆ.ಜಿ. ಮಾತ್ರ. ಬೆಂಚ್‌ನಲ್ಲಿ 80ರಿಂದ 82.5ಕ್ಕೆ ಹೋದರೆ ಶೇ 3ರಷ್ಟು ಏರಿಕೆ. ಪ್ರೆಸ್‌ನಲ್ಲಿ 40ರಿಂದ 42.5 ಎಂದರೆ ಶೇ 6ಕ್ಕೂ ಹೆಚ್ಚು. ನೀವು ತಿಂಗಳುಗಟ್ಟಲೆ ನಿಂತದ್ದು ಈ ಜಿಗಿತದಲ್ಲೇ ಇರಬೇಕು. ಅರ್ಧ ಕೆ.ಜಿ.ಯ ಎರಡು ಪ್ಲೇಟ್ ಇಟ್ಟುಕೊಳ್ಳಿ. ಸಿಗದಿದ್ದರೆ ಅದೇ ತೂಕದಲ್ಲಿ 5ರ ಬದಲು 6, ಆಮೇಲೆ 7 ರೆಪ್ಸ್ ಎಲ್ಲ ಸೆಟ್‌ನಲ್ಲೂ ಬಂದ ಮೇಲೆ 2.5 ಏರಿಸಿ. ಐದೂ ಸೆಟ್ ಪೂರ್ತಿಯಾಗದೆ ಎರಡು ವಾರ ಕಳೆದರೆ ಶೇ 10 ಇಳಿಸಿ ಮತ್ತೆ ಹತ್ತಿ. ಕೊನೆಯ ರೆಪ್‌ಗೆ ಮಂಡಿ ಮಡಿಚಿ ಕುಪ್ಪಳಿಸಿ ಎತ್ತಿದ್ದನ್ನು ಲೆಕ್ಕಕ್ಕೆ ಸೇರಿಸಬೇಡಿ, ಅದು ಪುಶ್ ಪ್ರೆಸ್.

ಹನ್ನೆರಡು ವಾರ ಹೀಗೇ ನಡೆಯಲಿ. ವಾರಕ್ಕೊಮ್ಮೆ ಮಾಡಿದರೂ 75 ಕೆ.ಜಿ.ಯಿಂದ ಇಳಿಸದಿದ್ದರೆ ಬೆಂಚ್ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ.

ಪ್ರಶ್ನೆ: ಪ್ರೆಸ್ ಚೆನ್ನಾಗಿ ಮಾಡಿದರೆ ಎದೆಗೆ ಬೇರೇನೂ ಬೇಡವಲ್ಲ?

ಬೇಕು. ಪ್ರೆಸ್ ಎದೆಯ ಮೇಲ್ಭಾಗಕ್ಕೆ ಅಷ್ಟಿಷ್ಟು ಕೆಲಸ ಕೊಡುತ್ತದೆ, ಉಳಿದ ಎದೆಗೆ ಬೆಂಚ್, ಡಿಪ್ಸ್ ಅಥವಾ ಪುಶ್‌ಅಪ್ ಇರಲೇಬೇಕು.

ಪ್ರಶ್ನೆ: ತಲೆಯ ಮೇಲೆ ಭಾರ ಎತ್ತಿದರೆ ಭುಜದ ಕೀಲು ಸವೆಯುತ್ತದೆ ಎನ್ನುತ್ತಾರೆ, ನಿಜವೇ?

ಆರೋಗ್ಯವಾಗಿರುವ ಭುಜ ತೋಳೆತ್ತಲೆಂದೇ ಇರುವುದು. ಆದರೆ ತೋಳು ಮೇಲೆ ಹೋಗುವಷ್ಟು ಸಡಿಲ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಗೋಡೆಗೆ ಬೆನ್ನು ಒರಗಿಸಿ, ನಡು ಗೋಡೆಗೆ ಒತ್ತಿಹಿಡಿದು, ಮೊಣಕೈ ಮಡಿಚದೆ ತೋಳು ಎತ್ತಿ. ನಡು ಗೋಡೆ ಬಿಡದೆ ಹೆಬ್ಬೆರಳು ಗೋಡೆ ಮುಟ್ಟಿದರೆ ಬಾರ್ ಹಿಡಿಯಿರಿ. ಮುಟ್ಟದಿದ್ದರೆ ಸದ್ಯಕ್ಕೆ ಲ್ಯಾಂಡ್‌ಮೈನ್ ಪ್ರೆಸ್ (ಬಾರಿನ ಒಂದು ತುದಿ ನೆಲಕ್ಕೆ ಊರಿ ಇನ್ನೊಂದು ತುದಿಯನ್ನು ಓರೆಯಾಗಿ ಮೇಲಕ್ಕೆ ಒತ್ತುವುದು) ಅಥವಾ ಒಂದು ಮಂಡಿಯೂರಿ ಡಂಬೆಲ್ ಪ್ರೆಸ್ ಮಾಡಿ.

ಪ್ರಶ್ನೆ: ಕತ್ತಿನ ಹಿಂದಿನಿಂದ ಪ್ರೆಸ್ ಮಾಡಿದರೆ ಭುಜ ಬೇಗ ಬೆಳೆಯುತ್ತದೆಯೇ?

ಇಲ್ಲ. ಮಾಡಬೇಡಿ.

ಪ್ರಶ್ನೆ: ಮಗನಿಗೆ 15 ವರ್ಷ. ಪ್ರೆಸ್ ಮಾಡಿದರೆ ಎತ್ತರ ನಿಂತುಹೋಗುತ್ತದಾ?

ನಿಲ್ಲುವುದಿಲ್ಲ; ಸರಿಯಾಗಿ ಕಲಿಸುವವರು ಪಕ್ಕದಲ್ಲಿರಲಿ, ಗರಿಷ್ಠ ತೂಕದ ಪೈಪೋಟಿ ಬೇಡ.

ಪ್ರಶ್ನೆ: ಭುಜ ನೋಯುತ್ತಿದೆ. ಪರಿಚಯದವರೊಬ್ಬರು ತೋಳು ಹಿಡಿದು ಎಳೆದು ‘ಕೀಲು ಕೂರಿಸಿದರು’. ನೋವಿನ ಮಾತ್ರೆ ನುಂಗಿ ಪ್ರೆಸ್ ಮುಂದುವರಿಸಬಹುದೇ?

ಬೇಡ. ಕೀಲು ತಪ್ಪಿರದಿದ್ದರೆ ಕೂರಿಸಲು ಅಲ್ಲಿ ಏನೂ ಇರಲಿಲ್ಲ, ನಿಜಕ್ಕೂ ತಪ್ಪಿದ್ದರೆ ಅವರು ಮುಟ್ಟಲೇಬಾರದಿತ್ತು. ಹಾಗೆ ಎಳೆಯುವಾಗ ನರಕ್ಕೆ, ರಕ್ತನಾಳಕ್ಕೆ ಪೆಟ್ಟಾಗಬಹುದು. ಮಾತ್ರೆ ನುಂಗಿ ಭಾರ ಎತ್ತಿದರೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವ ನೋವೇ ಮುಚ್ಚಿಹೋಗುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ, ತೋಳು ಜೋಮು ಹಿಡಿದರೆ, ಎತ್ತುವಾಗ ಬಲವೇ ಇಲ್ಲದಿದ್ದರೆ ಮೂಳೆತಜ್ಞರಿಗೆ ತೋರಿಸಿ. ನೋವಿಲ್ಲದ ಬರೀ ‘ಕಟಕ್’ ಸದ್ದಿಗೆ ಹೆದರಬೇಕಿಲ್ಲ.

ಪ್ರಶ್ನೆ: ಬಿಪಿ ಇದೆ. ನೀವು ಹೇಳುವಂತೆ ಉಸಿರು ಹಿಡಿದು ಎತ್ತಬಹುದೇ?

ಉಸಿರು ಹಿಡಿದು ಭಾರ ಎತ್ತುವಾಗ ಬಿಪಿ ಆ ಕ್ಷಣಕ್ಕೆ ಬಹಳ ಏರುತ್ತದೆ. ಹತೋಟಿಗೆ ಬಂದಿದೆ ಎಂದು ನಿಮ್ಮ ವೈದ್ಯರು ಹೇಳುವವರೆಗೆ ಭಾರದ ಪ್ರೆಸ್ ಮುಟ್ಟಬೇಡಿ. ಅವರು ಒಪ್ಪಿದ ಮೇಲೂ 10–12 ರೆಪ್ಸ್ ಸಲೀಸಾಗಿ ಬರುವ ತೂಕ ಹಿಡಿದು, ಒತ್ತುವಾಗ ಉಸಿರು ಬಿಡುತ್ತಾ ಮಾಡಿ.